ಬಾಟಿಕ್ ಕೇರಿಯಲ್ಲೇ ಬಿಡಾರ

ಕೇಳುಗರಿಗೆ ನಮಸ್ಕಾರ.

ಇಂಡೊನೇಷ್ಯಾದ ಜಾವಾ ದ್ವೀಪಕ್ಕೆ ಹೋದವರು ಬೊರೊಬುದುರ್ ಸ್ತೂಪ, ಪ್ರಂಬನನ್ ದೇವಾಲಯ ನೋಡಲೆಂದು ಸಾಮಾನ್ಯವಾಗಿ ಯೋಗ್ಯಕರ್ತ ನಗರದಲ್ಲಿ ಉಳಿಯುತ್ತಾರೆ. ಮಾಲಿಯೊಬೊರೊ ರಸ್ತೆಯಲ್ಲಿ ರೂಮು ಹಿಡಿದು, ಅಲ್ಲೇ ಒಂದು ಬಾಟಿಕ್ ಅಂಗಿ ಕೊಂಡು ಊರಿಗೆ ಮರಳುತ್ತಾರೆ. ಬಾಟಿಕ್ ಎಂದರೆ ಬಟ್ಟೆಯ ಮೇಲೆ ಬಿಸಿ ಮೇಣದಿಂದ ವಿನ್ಯಾಸ ಬಿಡಿಸಿ ಬಣ್ಣದಲ್ಲಿ ಅದ್ದುವ ಕಲೆ. ಮೇಣ ಇದ್ದಲ್ಲಿ ಬಣ್ಣ ಹತ್ತುವುದಿಲ್ಲ. ಅಗ್ಗಕ್ಕೆ ಸಿಕ್ಕ ಅಂಗಿಯಾದರೆ ಅದು ಯಂತ್ರದ ಮುದ್ರಣವೇ ಇರಬೇಕು. ಮೇಣ ಅದನ್ನು ಮುಟ್ಟಿಯೇ ಇರುವುದಿಲ್ಲ. ನಿಜವಾದ ಬಾಟಿಕ್ ನೋಡುವ ಆಸೆ ಇದ್ದರೆ ಎರಡು ರಾತ್ರಿಯಾದರೂ ಕೆಲಸ ನಡೆಯುವ ಕೇರಿಯಲ್ಲೇ ತಂಗಬೇಕು. ಇದಕ್ಕೆ ನಾನು ಮೊದಲು ಹೇಳುವ ಹೆಸರು ಸೋಲೊ ನಗರದ ಲವೆಯಾನ್.

ಸುರಕರ್ತ ಎಂದರೂ ಸೋಲೊ ಎಂದರೂ ಊರು ಒಂದೇ. ಯೋಗ್ಯಕರ್ತದಿಂದ ಸುಮಾರು 60 ಕಿಲೋಮೀಟರ್. ಲೋಕಲ್ ರೈಲಿಗೆ ಒಂದು ಗಂಟೆಯ ಮೇಲೆ ಸ್ವಲ್ಪ ಹಿಡಿಯುತ್ತದೆ, ಸೀಟು ಕಾದಿರಿಸುವ ಪದ್ಧತಿ ಇಲ್ಲ. ದೊಡ್ಡ ನಿಲ್ದಾಣವಾದ ಬಾಲಾಪನ್‌ವರೆಗೆ ಹೋಗದೆ, ಅದಕ್ಕೂ ಮುಂಚಿನ ಪುರ್ವೊಸಾರಿಯಲ್ಲಿ ಇಳಿದರೆ ಲವೆಯಾನ್ ಹತ್ತಿರ. ಹಳೆಯ ಬಾಟಿಕ್ ವ್ಯಾಪಾರಿಗಳ ಮನೆಗಳು ಅಲ್ಲಿ ಎತ್ತರದ ಗೋಡೆಗಳ ಹಿಂದೆ ಅಡಗಿವೆ. ಅಂಥ ಕೆಲವು ಮನೆಗಳೇ ಈಗ ವಸತಿಗೃಹಗಳಾಗಿವೆ. ಬುಕ್ ಮಾಡುವಾಗ ಒಳ ಅಂಗಳದ ಕಡೆಯ ರೂಮು ಕೇಳಿ. ಓಣಿಗಳು ಇಕ್ಕಟ್ಟು, ಎಷ್ಟೋ ಕಡೆ ಕಾರು ಬಾಗಿಲಿನವರೆಗೆ ಬರುವುದಿಲ್ಲ. ಭಾರದ ಸೂಟ್‌ಕೇಸು ಬೇಡ. ನಸುಕಿನಲ್ಲೇ ಮಸೀದಿಯ ಬಾಂಗ್ ಕೇಳುತ್ತದೆ, ನಿದ್ದೆ ಸೂಕ್ಷ್ಮವಿದ್ದವರು ಅದಕ್ಕೆ ಸಿದ್ಧರಿರಿ.

ರಂಜಾನ್ ಹಬ್ಬದ ಆಸುಪಾಸಿನಲ್ಲಿ ಮಾತ್ರ ಹೋಗಬೇಡಿ. ಕುಶಲಕರ್ಮಿಗಳು ತಮ್ಮ ಹಳ್ಳಿಗಳಿಗೆ ಹೋಗಿರುತ್ತಾರೆ, ಹೋಟೆಲ್ ದರ ಏರಿರುತ್ತದೆ. ಶುಕ್ರವಾರ ಮಧ್ಯಾಹ್ನವೂ ಪ್ರಾರ್ಥನೆಗಾಗಿ ಕೆಲಸ ನಿಲ್ಲುತ್ತದೆ. ಬೆಳಗ್ಗೆ ಒಂಬತ್ತರ ಹೊತ್ತಿಗೆ ಹೋಗುವುದು ಒಳ್ಳೆಯದು.

ಏನು ನೋಡಬೇಕು? ಚಾಂತಿಂಗ್ ಹಿಡಿದ ಕೈಯನ್ನು. ಅದೊಂದು ಪುಟ್ಟ ತಾಮ್ರದ ಬಟ್ಟಲು. ಮುಂದೆ ಸೂಜಿಯಷ್ಟು ಸಣ್ಣ ಕೊಳವೆ, ಹಿಂದೆ ಬಿದಿರಿನದೋ ಮರದ್ದೋ ಹಿಡಿ. ಜೇನುಮೇಣ, ಪ್ಯಾರಾಫಿನ್, ರಾಳ ಬೆರೆತ ಮಿಶ್ರಣ ಪಕ್ಕದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಕರಗಿರುತ್ತದೆ. ಹೆಂಗಸು ಅದರಲ್ಲಿ ಚಾಂತಿಂಗ್ ಅದ್ದಿ, ಕೊಳವೆಯ ತುದಿಗೆ ಉಫ್ ಎಂದು ಊದಿ, ಆಮೇಲೆ ಗೆರೆ ಎಳೆಯುತ್ತಾಳೆ. ಮೇಣ ಅತಿ ಬಿಸಿಯಾದರೆ ಗೆರೆ ಹರಡುತ್ತದೆ. ಆರಿದ್ದರೆ ನೂಲಿನೊಳಗೆ ಇಳಿಯದೆ ಮೇಲೆಯೇ ಕೂರುತ್ತದೆ. ಬಣ್ಣದಲ್ಲಿ ಅದ್ದಿದಾಗ ಅದರಡಿಗೆ ಬಣ್ಣ ನುಗ್ಗಿ ಬಿಳಿ ಗೆರೆ ಕೆಡುತ್ತದೆ. ಒಂದು ಬದಿ ಮುಗಿದ ಮೇಲೆ ಬಟ್ಟೆ ತಿರುಗಿಸಿ ಅದೇ ಗೆರೆಗಳನ್ನು ಹಿಂಬದಿಯಲ್ಲೂ ಎಳೆಯುತ್ತಾರೆ. ಬಣ್ಣ ಹಾಕಿದ ಮೇಲೆ ಕುದಿಯುವ ನೀರಿನಲ್ಲಿ ಮೇಣ ಬಿಡಿಸಿ, ಮುಂದಿನ ಬಣ್ಣಕ್ಕೆ ಮತ್ತೆ ಮೇಣ. ಎರಡೂವರೆ ಮೀಟರಿನ ಸೂಕ್ಷ್ಮ ಕೆಲಸಕ್ಕೆ ತಿಂಗಳುಗಳೇ ಬೇಕು. 2009ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿದ್ದು ಈ ಕೌಶಲವೇ.

ಕೊಳ್ಳುವಾಗ ಮೊದಲು ಬಟ್ಟೆಯನ್ನು ಮಗುಚಿ ನೋಡಿ. ಮುದ್ರಣವಾದರೆ ಹಿಂಬದಿ ಸಾಮಾನ್ಯವಾಗಿ ಮಾಸಲು. ಹಿಂಬದಿಗೂ ಬಣ್ಣ ಇಳಿಯುವ ಮುದ್ರಣವೂ ಇರುವುದರಿಂದ ಅಷ್ಟಕ್ಕೇ ನಂಬಬೇಡಿ, ಚುಕ್ಕಿಗಳನ್ನೂ ನೋಡಿ. ಕೈಬರಹದಲ್ಲಿ, ಅಂದರೆ ಚಾಂತಿಂಗ್‌ನಿಂದ ಕೈಯಲ್ಲೇ ಬಿಡಿಸಿದ ಬಾಟಿಕ್‌ನಲ್ಲಿ, ಒಂದು ಚುಕ್ಕಿ ಇನ್ನೊಂದರಂತಿರುವುದಿಲ್ಲ. ತಾಮ್ರದ ಅಚ್ಚಿನಿಂದ ಮೇಣ ಒತ್ತಿದ್ದಾದರೆ ವಿನ್ಯಾಸ ಗೇಣಿಗೊಮ್ಮೆ ಹಾಗೇ ಮರುಕಳಿಸುತ್ತದೆ, ಅಚ್ಚು ಕೂಡುವಲ್ಲಿ ಗೆರೆ ಕೊಂಚ ತಪ್ಪಿರುತ್ತದೆ. ಅಚ್ಚಿನದೂ ನಿಜವಾದ ಬಾಟಿಕ್ಕೇ. ಬೆಲೆ ಕಡಿಮೆ, ದಿನಬಳಕೆಗೆ ಬಾಳಿಕೆ ಬರುತ್ತದೆ. ಅದನ್ನು ಕೈಬರಹವೆಂದು ಮಾರಿದರೆ ಮಾತ್ರ ಮೋಸ. ಸೋಲೊ ಅರಮನೆ ಪಕ್ಕದ ಪಸಾರ್ ಕ್ಲೆವೆರ್ ಮಾರುಕಟ್ಟೆಯಲ್ಲಿ ಚೌಕಾಸಿ ಮಾಡಿ. ಕೈಬರಹದ ಮನೆಯಲ್ಲಿ ಅರ್ಧ ಬೆಲೆಗೆ ಕೇಳುವುದು ಆ ಶ್ರಮಕ್ಕೆ ಅವಮಾನ. ಯೋಗ್ಯಕರ್ತದಲ್ಲಿ ದಾರಿಯಲ್ಲೇ ತಡೆದು, ‘ವಿದ್ಯಾರ್ಥಿಗಳ ಪ್ರದರ್ಶನ, ಇವತ್ತೇ ಕೊನೆ ದಿನ’ ಎನ್ನುವವರ ಹಿಂದೆ ಹೋಗಬೇಡಿ. ಆ ಕೊನೆ ದಿನ ನಾಳೆಯೂ ಇರುತ್ತದೆ. ಓರೆ ಅಲೆಗಳ ಪರಾಂಗ್ ವಿನ್ಯಾಸ ಹಿಂದೆ ರಾಜಮನೆತನಕ್ಕೇ ಮೀಸಲಾಗಿತ್ತು. ಕೊಳ್ಳಲು ಅಡ್ಡಿಯಿಲ್ಲ, ಅರಮನೆಗೆ ಉಟ್ಟು ಹೋಗಬೇಡಿ.

ಮನೆಗೆ ತಂದ ಮೇಲೆ ಡಿಟರ್ಜೆಂಟಿಗೆ ಹಾಕಬೇಡಿ. ಜಾವಾದವರು ಬಾಟಿಕ್ ಒಗೆಯುವ ಲೆರಕ್ ನಮ್ಮ ಅಂಟುವಾಳದ ಸಂಬಂಧಿ. ನಾಲ್ಕೈದು ಕಾಯಿಯ ಸಿಪ್ಪೆ ಬಿಸಿನೀರಿನಲ್ಲಿ ನೆನೆಸಿ, ಕಿವುಚಿ, ಸೋಸಿ, ಆರಿದ ಮೇಲೆ ಅದರಲ್ಲಿ ಬಟ್ಟೆ ಅದ್ದಿ ತೆಗೆಯಿರಿ. ಹಿಂಡದೆ ನೆರಳಲ್ಲಿ ಹರವಿ.

ನಮಸ್ಕಾರ.