ನಿಲ್ಲೋದು ಇಷ್ಟವಿಲ್ಲದ ಎಂಜಿನ್

ಕೇಳುಗರಿಗೆಲ್ಲ ನಮಸ್ಕಾರ.

ರೈಲು ಎಂಜಿನ್ ಅಂದ ಕೂಡಲೇ ನಮಗೆ ಮೂರು ನೆನಪಾಗುತ್ತವೆ. ಹೊಗೆ ಬಿಡುವ ಉಗಿಬಂಡಿ, ಆಮೇಲೆ ಬಂದ ಡೀಸೆಲ್, ಈಗಿನ ಕರೆಂಟ್ ಎಂಜಿನ್. ನಾಲ್ಕನೆಯದೂ ಒಂದಿತ್ತು, ಟರ್ಬೈನ್ ಎಂಜಿನ್. ಟರ್ಬೈನ್ ಅಂದರೆ ಆವಿಯೋ ಬಿಸಿ ಗಾಳಿಯೋ ಬ್ಲೇಡುಗಳಿಗೆ ಬಡಿದು ತಿರುಗುವ ಚಕ್ರ. ವಿಮಾನದ ರೆಕ್ಕೆಯ ಕೆಳಗೆ ನೇತಾಡುತ್ತದಲ್ಲ, ಆ ಜಾತಿಯ ಯಂತ್ರವನ್ನು ಹಳಿಯ ಮೇಲೆ ಓಡಿಸಿದ್ದರು. ಇವತ್ತು ಅದರ ಕಥೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಮುಂದೆಯೂ ಅದನ್ನೇ ಹೇಳುತ್ತಿರುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಟರ್ಬೈನ್‌ಗೆ ಎರಡೇ ಎರಡು ಬೇಕು: ಪೂರ್ತಿ ಲೋಡು, ಬಿಡುವಿಲ್ಲದ ಓಟ.

ನಾನು ಇದನ್ನು ಕಲಿತದ್ದು ಒಂದು ಸಕ್ಕರೆ ಕಾರ್ಖಾನೆಯ ಪವರ್ ಹೌಸ್‌ನಲ್ಲಿ. ಆಗ ನನಗೆ 22 ವರ್ಷ. ಕಬ್ಬು ಅರೆಯುವ ಸೀಸನ್ ಶುರುವಾದರೆ ಟರ್ಬೈನ್ ಹಗಲು ರಾತ್ರಿ ತಿರುಗುತ್ತಿತ್ತು. ಒಂದು ದಿನ ನಾನು "ಊಟದ ಹೊತ್ತಿಗೆ ನಿಲ್ಲಿಸಬಾರದೇ?" ಎಂದು ಕೇಳಿದೆ. ಹಳೆಯ ಆಪರೇಟರ್ ನನ್ನನ್ನೇ ದಿಟ್ಟಿಸಿ ನೋಡಿದರು. "ತಮ್ಮಾ, ಇದೇನು ಬಾವಿ ಪಂಪಾ? ಸ್ವಿಚ್ ಒತ್ತಿ ಮನೆಗೆ ಹೋಗೋಕೆ?" ಅಂದರು. ಬಿಸಿ ಟರ್ಬೈನ್ ನಿಂತ ಮೇಲೂ ಅದರ ಶಾಫ್ಟನ್ನು, ಅಂದರೆ ನಡುವಿನ ಉಕ್ಕಿನ ದಂಡವನ್ನು, ಗಂಟೆಗಟ್ಟಲೆ ಮೆಲ್ಲಗೆ ತಿರುಗಿಸುತ್ತಲೇ ಇರಬೇಕು. ಇಲ್ಲದಿದ್ದರೆ ಶಾಫ್ಟ್ ಬಗ್ಗುತ್ತದೆ. ನಿಂತರೂ ನೆಮ್ಮದಿಯಿಲ್ಲದ ಯಂತ್ರ ಅದು.

ಈಗ ರೈಲನ್ನು ನೆನೆಸಿಕೊಳ್ಳಿ. ಹೊರಡುತ್ತದೆ, ನಿಲ್ಲುತ್ತದೆ, ಸಿಗ್ನಲ್‌ಗೆ ಕಾಯುತ್ತದೆ, ಹಿಂದಕ್ಕೂ ಬರುತ್ತದೆ. ಟರ್ಬೈನ್ ಹಿಂದಕ್ಕೆ ತಿರುಗುವುದೇ ಇಲ್ಲ. 1935ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೇನಿಯರ್ ಎಂಬ ಎಂಜಿನಿಯರ್ ಆವಿಯ ಟರ್ಬೈನ್ ಹಾಕಿ ಒಂದು ಎಂಜಿನ್ ಕಟ್ಟಿಸಿದರು. ಹೆಸರು ಟರ್ಬೋಮೋಟಿವ್. ಮುಂದೆ ಹೋಗಲು ಒಂದು ಬದಿಯಲ್ಲಿ ದೊಡ್ಡ ಟರ್ಬೈನ್, ಬರೀ ಹಿಂದೆ ಬರಲು ಇನ್ನೊಂದು ಬದಿಯಲ್ಲಿ ಪುಟ್ಟ ಟರ್ಬೈನ್! ಲಂಡನ್-ಲಿವರ್‌ಪೂಲ್ ಎಕ್ಸ್‌ಪ್ರೆಸ್ಸಿಗೆ ಅದನ್ನು ಹಾಕಿದ್ದರು. ದೂರದ ಓಟ ಅಲ್ವಾ, ಚೆನ್ನಾಗಿಯೇ ಓಡಿತು. 1944ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರೈಲ್ವೆ ಇನ್ನೂ ದೊಡ್ಡದನ್ನು ಮಾಡಿಸಿತು. ಅದು ವೇಗ ಹಿಡಿದರೆ ಬಲು ಸೊಗಸು. ಆದರೆ ಗಂಟೆಗೆ 50 ಕಿ.ಮೀ. ಒಳಗೆ ಓಡುವಾಗ ಆವಿಯನ್ನು ನೀರಿನಂತೆ ಕುಡಿಯುತ್ತಿತ್ತು. 5 ವರ್ಷಕ್ಕೇ ಮೂಲೆ ಸೇರಿತು.

ಇವು ಆವಿಯ ಟರ್ಬೈನ್‌ಗಳು. ಗ್ಯಾಸ್ ಟರ್ಬೈನ್ ಬೇರೆ. ಗಾಳಿಯನ್ನು ಎಳೆದು ಒತ್ತಬೇಕು, ಅದರಲ್ಲಿ ಎಣ್ಣೆ ಉರಿಸಬೇಕು, ಬಿಸಿ ಗಾಳಿ ಬ್ಲೇಡುಗಳಿಗೆ ಬಡಿದು ಚಕ್ರ ತಿರುಗಬೇಕು. ಗಾಳಿ ಒತ್ತುವ ಕೆಲಸವನ್ನು ಮಾಡುವುದೂ ಅದೇ ಚಕ್ರ. ಮೂರು ಪಾಲು ದುಡಿದರೆ ಹೆಚ್ಚುಕಡಿಮೆ ಎರಡು ಪಾಲು ತನ್ನ ಹೊಟ್ಟೆಗೇ ಹೋಗುತ್ತದೆ. ಹಾಗಾಗಿ ರೈಲು ಸುಮ್ನೆ ನಿಂತಿದ್ದರೂ ಎಣ್ಣೆ ಸುರಿಯುತ್ತಲೇ ಇರಬೇಕು. ನಿಮ್ಮ ಡೀಸೆಲ್ ಪಂಪ್‌ಸೆಟ್ಟು ಲೋಡಿಲ್ಲದಾಗ ಎಷ್ಟು ಕಡಿಮೆ ಕುಡಿಯುತ್ತದೆ, ನಿಮಗೇ ಗೊತ್ತು. ಟರ್ಬೈನ್ ಹಾಗಲ್ಲ. ಅದಕ್ಕೇ ಹೇಳಿದ್ದು, ಪೂರ್ತಿ ಲೋಡು, ಬಿಡುವಿಲ್ಲದ ಓಟ.

1941ರಲ್ಲಿ ಸ್ವಿಟ್ಜರ್ಲೆಂಡಿನ ಬ್ರೌನ್ ಬೊವೆರಿ ಕಂಪನಿ 2,200 ಅಶ್ವಶಕ್ತಿಯ ಗ್ಯಾಸ್ ಟರ್ಬೈನ್ ರೈಲು ಎಂಜಿನ್ ಮಾಡಿ ತೋರಿಸಿತು. ಅಂಥ ಎಂಜಿನ್‌ಗಳನ್ನು ನಿಜವಾಗಿ ದುಡಿಸಿದ್ದು ಮಾತ್ರ ಅಮೆರಿಕದ ಯೂನಿಯನ್ ಪೆಸಿಫಿಕ್ ರೈಲ್ವೆ.

ಅದರದೊಂದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಗಳು ಶಿಕಾಗೋದಲ್ಲಿದ್ದಾಳೆ. ಅಲ್ಲಿಗೆ ಹೋದಾಗ "ಅಪ್ಪಾ, ಏನು ನೋಡಬೇಕು?" ಅಂದಳು. ಯೂನಿಯನ್ ಎಂಬ ಚಿಕ್ಕ ಊರಲ್ಲಿ ಇಲಿನಾಯ್ ರೈಲ್ವೆ ಮ್ಯೂಸಿಯಂ ಇದೆ, ಅಲ್ಲಿಗೇ ಕರೆದುಕೊಂಡು ಹೋಗು ಅಂದೆ. ಅಲ್ಲಿ ನಿಂತಿದೆ, 18ನೇ ನಂಬರ್. ಹಳದಿ ಬಣ್ಣ. ಒಂದೇ ಎಂಜಿನ್, ಆದರೆ ಮೂರು ಭಾಗ. ಮುಂದೆ ಡ್ರೈವರ್ ಕೂರುವ ಭಾಗ, ನಡುವೆ ಟರ್ಬೈನ್, ಹಿಂದೆ ಎಣ್ಣೆಯ ಟ್ಯಾಂಕು. ಆ ಟ್ಯಾಂಕಿಗೆ ಸುಮಾರು 90,000 ಲೀಟರ್ ಹಿಡಿಯುತ್ತದೆ! ಹಳೆಯ ಉಗಿಬಂಡಿಗಳ ಟೆಂಡರುಗಳನ್ನೇ, ಅಂದರೆ ಎಂಜಿನ್ ಹಿಂದೆ ಇಂಧನ, ನೀರು ಹೊರುವ ಬೋಗಿಗಳನ್ನೇ, ಬದಲಾಯಿಸಿ ಟ್ಯಾಂಕು ಮಾಡಿಕೊಂಡಿದ್ದರು. ಶಕ್ತಿ 8,500 ಅಶ್ವಶಕ್ತಿ. ಆಗಿನ ಒಂದು ಡೀಸೆಲ್ ಎಂಜಿನ್ ಅಂದರೆ ಸುಮಾರು 1,750. ಲೆಕ್ಕ ಹಾಕಿ ನೋಡಿ. ನಾನು ಅದರ ಪಕ್ಕದಲ್ಲೇ ಒಂದು ಗಂಟೆ ನಿಂತೆ. ಮೊಮ್ಮಗ "ತಾತಾ, ಐಸ್‌ಕ್ರೀಮ್" ಅಂತ ಅಂಗಿ ಎಳೆಯುತ್ತಲೇ ಇದ್ದ. ನನಗೆ ಅಲ್ಲಿಂದ ಕಾಲು ಕೀಳಲು ಆಗಲಿಲ್ಲ.

ಅದು ಉರಿಸುತ್ತಿದ್ದದ್ದು ಫರ್ನೇಸ್ ಆಯಿಲ್. ಟಾರಿನ ಹಾಗೆ ಗಟ್ಟಿ, ಬಿಸಿ ಮಾಡದಿದ್ದರೆ ಹರಿಯುವುದಿಲ್ಲ. ಪೆಟ್ರೋಲ್, ಡೀಸೆಲ್ ತೆಗೆದ ಮೇಲೆ ತಳದಲ್ಲಿ ಉಳಿಯುವ ಮಾಲು, ಹಾಗಾಗಿ ಅಗ್ಗ. ಟರ್ಬೈನನ್ನು ಎಬ್ಬಿಸಲು ಒಳಗೇ ಒಂದು ಸಣ್ಣ ಡೀಸೆಲ್ ಎಂಜಿನ್ ಇತ್ತು. ಯಾರ್ಡಿನಲ್ಲಿ ಅತ್ತಿತ್ತ ಓಡಾಡಲೂ ಆ ಡೀಸೆಲ್ಲೇ. ಗಮನಿಸಿದಿರಾ? ಸಣ್ಣ ಕೆಲಸಕ್ಕೆ ಟರ್ಬೈನನ್ನು ಮುಟ್ಟುತ್ತಲೇ ಇರಲಿಲ್ಲ. ವಯೋಮಿಂಗ್ ಗುಡ್ಡಗಳ ಮೇಲೆ ಉದ್ದುದ್ದ ಗೂಡ್ಸ್ ರೈಲುಗಳನ್ನು ಎಳೆಯುವಾಗ ಮಾತ್ರ ಅದರ ಆರ್ಭಟ. ಆ ಶಬ್ದಕ್ಕೆ ಜನ ಅದನ್ನು "ಬಿಗ್ ಬ್ಲೋ" ಎಂದೇ ಕರೆದರು. ಒಟ್ಟು 55 ಎಂಜಿನ್‌ಗಳು. 1952ರಿಂದ 1969ರವರೆಗೆ ದುಡಿದವು. 17 ವರ್ಷ!

ಟರ್ಬೈನ್ ರೈಲು ಫೇಲಾಯಿತು ಅಂತ ಜನ ಸುಲಭವಾಗಿ ಹೇಳಿಬಿಡುತ್ತಾರೆ. ದಯವಿಟ್ಟು ಹಾಗೆ ಹೇಳಬೇಡಿ. ಅದು ನಿಂತದ್ದು ಯಾಕೆ ಗೊತ್ತಾ? ತಳದ ಆ ಎಣ್ಣೆಯನ್ನೂ ಒಡೆದು ಬೆಲೆಬಾಳುವ ಮಾಲು ಮಾಡುವುದನ್ನು ರಿಫೈನರಿಗಳು ಕಲಿತವು, ಅಗ್ಗದ ಎಣ್ಣೆ ತುಟ್ಟಿಯಾಯಿತು. ಆ ಎಣ್ಣೆಯ ಮಸಿ ಬ್ಲೇಡುಗಳನ್ನು ತಿನ್ನುತ್ತಿತ್ತು. ಅಷ್ಟು ಹೊತ್ತಿಗೆ ಡೀಸೆಲ್ ಎಂಜಿನ್‌ಗಳೂ ಬಲವಾದವು.

ಸಮಯ ಆಗುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಫ್ರಾನ್ಸಿನ ಅತಿವೇಗದ, ಹೆಸರಾಂತ ಟಿಜಿವಿ ರೈಲು ನಿಮಗೆ ಗೊತ್ತಿರಬಹುದು. ಅದರ ಮೊದಲ ಮಾದರಿ ಓಡಿದ್ದು ಗ್ಯಾಸ್ ಟರ್ಬೈನ್‌ನಲ್ಲಿ. 1972ರ ಡಿಸೆಂಬರ್ 8ರಂದು ಗಂಟೆಗೆ 318 ಕಿ.ಮೀ. ವೇಗ ಮುಟ್ಟಿತು. ಮರುವರ್ಷವೇ ಎಣ್ಣೆಯ ಬೆಲೆ ಗಗನಕ್ಕೇರಿತು, ಅವರು ಕರೆಂಟಿಗೆ ತಿರುಗಿದರು. ರಷ್ಯಾದವರು ದ್ರವ ಮಾಡಿದ ನೈಸರ್ಗಿಕ ಅನಿಲ ಉರಿಸುವ ಟರ್ಬೈನ್ ಎಂಜಿನ್ ಕಟ್ಟಿ, 2009ರಲ್ಲಿ 15,000 ಟನ್ನಿನ ಗೂಡ್ಸ್ ಎಳೆಸಿದರು. ಭಾರದ ಗೂಡ್ಸು, ಉದ್ದದ ಹಾದಿ. ಮತ್ತೆ ಅದೇ ನೋಡಿ, ಪೂರ್ತಿ ಲೋಡು.

ಕೊನೆಗೊಂದು. ನೀವು ಬೆಂಗಳೂರಿಂದ ಮೈಸೂರಿಗೆ ಕರೆಂಟ್ ರೈಲಿನಲ್ಲಿ ಹೋಗುತ್ತೀರಿ. ಆ ತಂತಿಯಲ್ಲಿ ಬರುವ ಕರೆಂಟು ಎಲ್ಲಿಯದು? ರಾಯಚೂರಿನಂಥ ಶಾಖೋತ್ಪನ್ನ ಕೇಂದ್ರಗಳಲ್ಲಿ ಟರ್ಬೈನ್‌ಗಳು ತಿರುಗಿ ಗ್ರಿಡ್ಡಿಗೆ ಕೊಟ್ಟದ್ದೂ ಅದರಲ್ಲಿ ಸೇರಿರುತ್ತದೆ. ರೈಲು ಮದ್ದೂರಲ್ಲಿ ನಿಂತರೂ ಅವು ಅಲ್ಲಿ ತಿರುಗುತ್ತಲೇ ಇರುತ್ತವೆ.

ನಮಸ್ಕಾರ.