ಸ್ವಿಚ್ ಸಾಫ್ಟ್‌ವೇರ್‌ನ ಯೂನಿಟ್ ಟೆಸ್ಟ್: ಗಡಿಯಾರ ಯಾರ ಕೈಯಲ್ಲಿದೆ?

[ದೃಶ್ಯ: ಮೇಜಿನ ಮೇಲೊಂದು ಸ್ವಿಚ್. ಪೋರ್ಟ್‌ಗಳ ಮೇಲೆ ಚೀಟಿಗಳು: ಕುವೆಂಪುನಗರ, ಹೆಬ್ಬಾಳ, ಸರಸ್ವತಿಪುರಂ]

ನಮಸ್ಕಾರ. ಇದು ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸುವ ನೆಟ್‌ವರ್ಕ್ ಸ್ವಿಚ್. ಇದರ ಸಾಫ್ಟ್‌ವೇರ್‌ನ ಒಂದೊಂದು ಭಾಗವನ್ನೂ ಬಿಡಿಯಾಗಿ ಪರೀಕ್ಷಿಸುವ ಕೋಡೇ ಯೂನಿಟ್ ಟೆಸ್ಟ್. ನಾವು ಮೈಸೂರಿನವರು, ಪೋರ್ಟ್‌ಗಳಿಗೂ ನಮ್ಮ ಬಡಾವಣೆಗಳ ಹೆಸರನ್ನೇ ಅಂಟಿಸಿದ್ದೇವೆ. ಕುವೆಂಪುನಗರದ ಪೋರ್ಟ್‌ಗೆ ಒಂದು ಫ್ರೇಮ್, ಅಂದರೆ ಮಾಹಿತಿಯ ಒಂದು ಕಟ್ಟು, ಬಂದಿತು ಎನ್ನಿ. ಅದನ್ನು ಕಳುಹಿಸಿದ ಯಂತ್ರದ ಮ್ಯಾಕ್ ವಿಳಾಸವನ್ನು (ನೆಟ್‌ವರ್ಕ್‌ನಲ್ಲಿ ಆ ಯಂತ್ರದ ಗುರುತಿನ ಸಂಖ್ಯೆ) ಸ್ವಿಚ್ ಆ ಪೋರ್ಟ್‌ನ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ. ಆಮೇಲೆ ಆ ವಿಳಾಸದಿಂದ ಸುದ್ದಿಯೇ ಇಲ್ಲದಿದ್ದರೆ ಅಳಿಸಿಹಾಕುತ್ತದೆ. ಐಇಇಇ 802.1ಡಿ ಮಾನದಂಡ ಇದಕ್ಕೆ ಸೂಚಿಸಿದ ಡಿಫಾಲ್ಟ್ ಅವಧಿ 300 ಸೆಕೆಂಡು.

ಇದನ್ನು ಪರೀಕ್ಷಿಸಲು ಐದು ನಿಮಿಷ ಕಾಯುವ ತಾಳ್ಮೆ ಯಾರಿಗಿದೆ? ಅವಧಿಯನ್ನು 2 ಸೆಕೆಂಡಿಗೆ ಇಳಿಸಿ, ಟೆಸ್ಟ್‌ನಲ್ಲಿ 3 ಸೆಕೆಂಡು ಸುಮ್ಮನೆ ಕಾಯಿಸುವ ಸ್ಲೀಪ್ ಬರೆದು ಕೈತೊಳೆದುಕೊಳ್ಳುತ್ತಾರೆ. ಲ್ಯಾಪ್‌ಟಾಪ್‌ನಲ್ಲಿ ಪಾಸ್. ಎಲ್ಲರ ಕೋಡನ್ನೂ ಜೋಡಿಸಿ ಟೆಸ್ಟ್ ಓಡಿಸುವ, ಕೆಲಸದ ಹೊರೆ ಹೊತ್ತ ಬಿಲ್ಡ್ ಸರ್ವರ್‌ನಲ್ಲಿ ವಿಳಾಸ ಅಳಿಸುವ ಥ್ರೆಡ್ (ಪ್ರೋಗ್ರಾಂನೊಳಗೆ ಬೇರೆಯಾಗಿ ಓಡುವ ಕೆಲಸ) ತಡವಾಗಿ ಎದ್ದರೆ ಫೇಲ್. ಮತ್ತೆ ಓಡಿಸಿದರೆ ಪಾಸ್! ಕ್ರಮೇಣ ತಂಡದವರು ಯಾವ ಫೇಲನ್ನೂ ನಂಬುವುದಿಲ್ಲ. ನಿಜವಾದ ದೋಷವೂ ಅದೇ ಸಂದಣಿಯಲ್ಲಿ ನುಸುಳುತ್ತದೆ.

[ಪರದೆ: ಮುಳ್ಳುಗಳನ್ನು ಬೆರಳಿನಿಂದ ತಿರುಗಿಸುವ ಗಡಿಯಾರ]

ಕೋಡ್ ಸಮಯವನ್ನು ನೇರವಾಗಿ ಆಪರೇಟಿಂಗ್ ಸಿಸ್ಟಂನಿಂದ ಕೇಳಬಾರದು. ಗಡಿಯಾರವನ್ನು ಹೊರಗಿನಿಂದ ಕೊಡಿ. ಟೆಸ್ಟ್‌ನಲ್ಲಿ ನೀವೇ ಮುಂದೆ ತಿರುಗಿಸುವ ನಕಲಿ ಗಡಿಯಾರ. 299ರಲ್ಲಿ ವಿಳಾಸ ಇರಬೇಕು, 301ರಲ್ಲಿ ಇರಬಾರದು. ಸರಿಯಾಗಿ 300ರಲ್ಲಿ? ಅದನ್ನು ನಿಮ್ಮ ತಂಡ ತೀರ್ಮಾನಿಸಬೇಕು. ಇಂಥ ಪ್ರಶ್ನೆ ಏಳುವುದು ಟೆಸ್ಟ್ ಬರೆಯಲು ಕುಳಿತಾಗಲೇ. 200ನೇ ಸೆಕೆಂಡಿನಲ್ಲಿ ಇನ್ನೊಂದು ಫ್ರೇಮ್ ಬಂದರೆ ಆಯುಷ್ಯ ಹೊಸದಾಗಿ ಶುರು: 499ರಲ್ಲಿ ಇರಬೇಕು, 501ರಲ್ಲಿ ಹೋಗಿರಬೇಕು. ಇಷ್ಟೆಲ್ಲ ಮಿಲಿಸೆಕೆಂಡುಗಳಲ್ಲಿ ಮುಗಿಯುತ್ತದೆ.

ಅದೇ ವಿಳಾಸ ಈಗ ಹೆಬ್ಬಾಳದ ಪೋರ್ಟ್‌ನಲ್ಲಿ ಕಾಣಿಸಿಕೊಂಡರೆ ಹಳೆಯ ದಾಖಲೆ ಅಲ್ಲಿಗೆ ವರ್ಗವಾಗಬೇಕು, ಎರಡಾಗಬಾರದು. ಒಂದೇ ಸ್ವಿಚ್ಚನ್ನು ಹಲವು ಪ್ರತ್ಯೇಕ ಜಾಲಗಳಾಗಿ ಹಂಚುವ ವಿಲ್ಯಾನ್‌ನ ಸಂಖ್ಯೆ 1ರಿಂದ 4094ರವರೆಗೆ ಒಪ್ಪಿಗೆ. 0 ಮತ್ತು 4095 ಕಾಯ್ದಿರಿಸಿದವು, ತಿರಸ್ಕಾರವಾಗಬೇಕು.

ಇನ್ನು ಸ್ವಿಚ್‌ನೊಳಗೆ ಫ್ರೇಮ್‌ಗಳನ್ನು ಸಾಗಿಸುವ ಚಿಪ್. ಯಾವ ಫಂಕ್ಷನ್ ಯಾವ ಕ್ರಮದಲ್ಲಿ ಕರೆಯಲ್ಪಟ್ಟಿತು ಎಂದು ಕಾವಲು ಕಾಯುವ ಮಾಕ್‌ಗಳು (ಟೆಸ್ಟ್‌ನಲ್ಲಿ ಅಸಲಿಯ ಜಾಗದಲ್ಲಿ ಕೂರಿಸುವ ನಕಲಿಗಳು) ನನಗೆ ಹಿಡಿಸುವುದಿಲ್ಲ. ಕೋಡನ್ನು ಸ್ವಲ್ಪ ಓರಣ ಮಾಡಿದರೂ ಅವು ಬೊಬ್ಬೆ ಹೊಡೆಯುತ್ತವೆ, ನಡವಳಿಕೆ ಕೆಟ್ಟಾಗ ಸುಮ್ಮನಿರುತ್ತವೆ. ಬದಲಿಗೆ ನಾಲ್ಕೇ ವಿಳಾಸ ಹಿಡಿಸುವ ನಕಲಿ ಚಿಪ್ ಬರೆಯಿರಿ. ಐದನೆಯದಕ್ಕೆ ಅದು ‘ಜಾಗವಿಲ್ಲ’ ಎನ್ನಲಿ. ಆಗ ಸಾಫ್ಟ್‌ವೇರ್ ತನ್ನ ಪಟ್ಟಿಯಲ್ಲಿ ಐದನ್ನು ತೋರಿಸಿದರೆ ಸಿಕ್ಕಿಬಿದ್ದಿತು: ಚಿಪ್‌ನಲ್ಲಿ ಒಂದು, ಪಟ್ಟಿಯಲ್ಲಿ ಇನ್ನೊಂದು. ಐದನೆಯ ವಿಳಾಸಕ್ಕೆ ಹೊರಟ ಫ್ರೇಮ್ ಆ ವಿಲ್ಯಾನ್‌ನ ಉಳಿದೆಲ್ಲ ಪೋರ್ಟ್‌ಗಳಿಗೆ ಹೋಗಬೇಕು, ಬಂದ ಪೋರ್ಟ್‌ಗೆ ಮಾತ್ರ ಹಿಂತಿರುಗಬಾರದು.

ನಕಲಿ ಚಿಪ್ ಅಸಲಿಯಂತೆಯೇ ವರ್ತಿಸುತ್ತಿದೆಯೇ ಎಂದು ತಿಳಿಯಲು, ಚಿಪ್‌ಗೆ ಸಂಬಂಧಿಸಿದ ಇವೇ ಟೆಸ್ಟ್‌ಗಳನ್ನು ರಾತ್ರಿ ಹೊತ್ತು ಲ್ಯಾಬ್‌ನ ನಿಜವಾದ ಸ್ವಿಚ್ ಮೇಲೂ ಓಡಿಸಿ.