ಅಸಲು ಮುಳುಗಿತು, ಬಡ್ಡಿಗೆ ತೆರಿಗೆ

ಕೇಳುಗರಿಗೆ ನಮಸ್ಕಾರ.

ತೆರಿಗೆ ವಿವರ, ಅಂದರೆ ರಿಟರ್ನ್, ಸಲ್ಲಿಸುವ ಜುಲೈ ಬಂತೆಂದರೆ ಬಸವನಗುಡಿಯ ನನ್ನ ಪುಟ್ಟ ಕಚೇರಿಯಲ್ಲಿ ಕೂರಲು ಜಾಗವಿರುವುದಿಲ್ಲ. ಅಂಥ ಒಂದು ಸಂಜೆ ನಿವೃತ್ತ ಮೇಷ್ಟ್ರೊಬ್ಬರು ಬಂದು, ಜವಳಿ ಅಂಗಡಿಯ ಚೀಲದಿಂದ ಮೂರು ಬಾಂಡ್ ಪತ್ರಗಳನ್ನು ತೆಗೆದು ಮೇಜಿನ ಮೇಲೆ ಹರಡಿದರು. ಚಿನ್ನದ ಬಣ್ಣದ ಮುದ್ರೆ, ಲಗ್ನಪತ್ರಿಕೆಗಿಂತ ದಪ್ಪ ಕಾಗದ. ಹಣಕಾಸು ಕಂಪನಿಯೊಂದರಲ್ಲಿ 10 ಲಕ್ಷ ಠೇವಣಿ ಇಟ್ಟಿದ್ದರು. ತಿಂಗಳಿಗೆ ನೂರಕ್ಕೆ ಮೂರರಂತೆ 14 ತಿಂಗಳು ಬಡ್ಡಿ ಬಂದಿತ್ತು. ಆಮೇಲೆ ಕಂಪನಿಯ ಬಾಗಿಲಿಗೆ ಬೀಗ.

“ಸ್ವಾಮಿ, ನನ್ನ ತೆರಿಗೆಯ ಲೆಕ್ಕದಲ್ಲಿ ಈ ನಷ್ಟವನ್ನು ಕಳೆಯಬಹುದೇ?”

ಆಗುವುದಿಲ್ಲ ಎಂದೆ. ಬಂಡವಾಳ ನಷ್ಟ ಎನ್ನಬೇಕಾದರೆ ಆಸ್ತಿಯೊಂದು ಪರಭಾರೆಯಾಗಿರಬೇಕು, ಅಂದರೆ ಮಾರಾಟವಾಗಿಯೋ ಬೇರೆ ರೀತಿಯಲ್ಲೋ ಇನ್ನೊಬ್ಬರ ಹೆಸರಿಗೆ ಹೋಗಿರಬೇಕು. ಇಸಿದುಕೊಂಡವನು ಹಣ ನುಂಗಿ ಪರಾರಿಯಾದರೆ ಅಲ್ಲಿ ಪರಭಾರೆಯೆಲ್ಲಿ ಬಂತು? ಪೊಲೀಸ್ ಠಾಣೆಯ ಎಫ್‌ಐಆರ್ ಪ್ರತಿ ಇಟ್ಟರೂ ಅಷ್ಟೇ.

ಇದೇ ಹಣವನ್ನು ಚಿಕ್ಕಪೇಟೆಯ ವ್ಯಾಪಾರಿಯೊಬ್ಬರ ಗುಮಾಸ್ತ ಗಲ್ಲಾಪೆಟ್ಟಿಗೆಯಿಂದ ಎತ್ತಿಕೊಂಡು ಹೋಗಿದ್ದರೆ ಮಾತು ಬೇರೆಯಾಗುತ್ತಿತ್ತು. ವ್ಯಾಪಾರ ಮಾಡುವವನು ಆಳುಗಳನ್ನು ನಂಬಲೇಬೇಕು, ಆ ನಂಬಿಕೆಯಿಂದ ಆದ ನಷ್ಟ ವ್ಯಾಪಾರದ್ದೇ ಎಂಬ ತತ್ವವನ್ನು ಸುಪ್ರೀಂ ಕೋರ್ಟ್ 1958ರಲ್ಲಿ ಬದ್ರಿದಾಸ್ ಡಾಗಾ ಪ್ರಕರಣದಲ್ಲಿ ಒಪ್ಪಿತು. ಕಳವು ಪತ್ತೆಯಾದ ವರ್ಷದಲ್ಲಿ ಅದನ್ನು ಕಳೆಯಬಹುದೆಂದು ತೆರಿಗೆ ಮಂಡಳಿಯ 1965ರ ಸುತ್ತೋಲೆಯೂ ಇದೆ. ಮೇಷ್ಟ್ರು ನಂಬಿದ್ದೂ ಸುಳ್ಳಲ್ಲ, ಆದರೆ ಅವರದು ವ್ಯಾಪಾರವಲ್ಲ. ನಂಬಿ ಕೆಟ್ಟವರಲ್ಲೂ ಕಾನೂನು ಪಂಕ್ತಿಭೇದ ಮಾಡುತ್ತದೆ ಎಂಬುದು ನನ್ನ ಹಳೆಯ ದೂರು.

ಅಮೆರಿಕದಲ್ಲಿ ಹೀಗಿಲ್ಲ. ಹೊಸಬರ ಹಣವನ್ನೇ ಹಳಬರಿಗೆ ಲಾಭವೆಂದು ಹಂಚುತ್ತಿದ್ದ ಮೇಡಾಫ್ ಎಂಬವನ ವಂಚನೆ 2008ರ ಡಿಸೆಂಬರಿನಲ್ಲಿ ಬಯಲಾದ ಮೇಲೆ, ಅಲ್ಲಿನ ತೆರಿಗೆ ಇಲಾಖೆ 2009ರಲ್ಲಿ ಸರಳ ವಿಧಾನವೊಂದನ್ನು ತಂದು, ಇಂಥ ಯೋಜನೆಗಳಲ್ಲಿ ಹಣ ಕಳೆದುಕೊಂಡವರು ಅದನ್ನು ಕಳವಿನ ನಷ್ಟವೆಂದು ತೋರಿಸಲು ದಾರಿ ಮಾಡಿತು.

ಮೇಷ್ಟ್ರಿಗೆ ಇನ್ನೂ ಕಹಿಯಾದದ್ದನ್ನು ಹೇಳುವುದಿತ್ತು. ಪಾಸ್‌ಬುಕ್ಕಿನಲ್ಲಿ ಪ್ರತಿ ತಿಂಗಳ 30,000 ರೂಪಾಯಿಗೂ ಅವರು ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು, ಉತ್ತರಪತ್ರಿಕೆ ತಿದ್ದಿದ ಹಾಗೆ. ಒಟ್ಟು 4,20,000. ತೆರಿಗೆ ವಿವರದಲ್ಲಿ ಮಾತ್ರ ಒಂದು ಕಾಸನ್ನೂ ತೋರಿಸಿರಲಿಲ್ಲ.

“ಅದು ನನ್ನ ದುಡ್ಡನ್ನೇ ನನಗೆ ಕೊಟ್ಟದ್ದಲ್ಲವೇ?”

ಲೋಕದ ಲೆಕ್ಕದಲ್ಲಿ ಅವರ ಮಾತು ನಿಜ. ಇಲಾಖೆಯ ಕಣ್ಣಿಗೆ ಬಡ್ಡಿ ಎಂದು ಬಂದದ್ದು ಬಡ್ಡಿಯೇ. ಬಿಟ್ಟುಹೋದ ವರಮಾನವನ್ನು ಹೆಚ್ಚುವರಿ ತೆರಿಗೆ ಕಟ್ಟಿ ನವೀಕೃತ ವಿವರದಲ್ಲಿ, ಅಂದರೆ ಆಮೇಲೆ ಸಲ್ಲಿಸುವ ಅಪ್‌ಡೇಟೆಡ್ ರಿಟರ್ನ್‌ನಲ್ಲಿ, ಸೇರಿಸಬಹುದು. ಅದೇ ವಿವರದಿಂದ ತೆರಿಗೆ ಇಳಿಸಿಕೊಳ್ಳಲು ಬಾರದು. ಬಾಗಿಲು ಒಂದೇ ಕಡೆಗೆ ತೆರೆಯುತ್ತದೆ.

ಹಣ ಕೇಳಬೇಕಾದ ಕಡೆ ಬೇರೆ ಇದೆ. ಠೇವಣಿದಾರರ ಹಿತರಕ್ಷಣೆಗೆ ಕರ್ನಾಟಕದಲ್ಲಿ 2004ರ ಕಾಯ್ದೆಯಿದೆ. ಸರ್ಕಾರ ಸಕ್ಷಮ ಪ್ರಾಧಿಕಾರಿ ಎಂಬ ಅಧಿಕಾರಿಯನ್ನು ನೇಮಿಸಿ ಕಂಪನಿಯ ಆಸ್ತಿಯನ್ನು ಜಪ್ತಿ ಮಾಡುತ್ತದೆ, ವಿಶೇಷ ನ್ಯಾಯಾಲಯದ ಮೂಲಕ ಠೇವಣಿದಾರರಿಗೆ ಹಂಚುತ್ತದೆ. 2019ರಲ್ಲಿ ಬೆಂಗಳೂರಿನ ಶಿವಾಜಿನಗರದ ಐಎಂಎ ಎಂಬ ಹೂಡಿಕೆ ಕಂಪನಿ ಮುಳುಗಿದಾಗ ಸಾವಿರಾರು ಜನ ಇದೇ ದಾರಿ ಹಿಡಿದರು. ಪ್ರಾಧಿಕಾರಿಗೆ ಕೊಡುವ ಅರ್ಜಿಯ ಜೊತೆ ಬಾಂಡ್ ಪತ್ರ, ಪಾಸ್‌ಬುಕ್ಕಿನ ಪ್ರತಿ ಇಡಿ. ಮೂಲಪತ್ರ ಯಾರಿಗೂ ಕೊಟ್ಟುಬಿಡಬೇಡಿ.

ಪತ್ರಗಳನ್ನು ಮತ್ತೆ ಚೀಲಕ್ಕೆ ಹಾಕುತ್ತಾ ಮೇಷ್ಟ್ರು ಕೇಳಿದರು: “ಅಸಲು ವಾಪಸ್ ಬಂದರೆ ಅದಕ್ಕೂ ತೆರಿಗೆಯೇ?”

“ಇಲ್ಲ. ಅಸಲು ವರಮಾನವಲ್ಲ.”

“ಹಾಗಾದರೆ ನಿಮ್ಮ ಫೀಸು ಅದು ಬಂದ ಮೇಲೆ,” ಎಂದು ನಕ್ಕು, ಮರುಕ್ಷಣವೇ ಜೇಬಿನಿಂದ ಐನೂರರ ನೋಟು ತೆಗೆದು ಪಾಸ್‌ಬುಕ್ಕಿನ ಕೆಳಗೆ ಸರಿಸಿದರು.